ಕೊಸರಿಗೊಂದು ಹಿಡಿ ಕರಿಬೇವು

ಸೆಪ್ಟೆಂಬರ್ ೬, ಶನಿವಾರ

ಸಿಟ್ಟು ಬಂದಾಗ ಬಾಯಿ ತೆರೆಯುವ ಬದಲು ಬರೆದಿಡಿ ಎಂದು ಆಫೀಸಿನ ವೆಲ್‌ನೆಸ್ ಕೋಚು ಸಲಹೆ ಕೊಟ್ಟಿದ್ದಾಳೆ. ಪಾಪ, ಅವಳಿಗೆ ನನ್ನ ಗಂಡನ ಪರಿಚಯವಿಲ್ಲ. ಇದ್ದಿದ್ದರೆ ಒಂದು ಪುಸ್ತಕ ಸಾಲುವುದಿಲ್ಲ, ಡಜನ್ ತರಿಸಿಕೊಳ್ಳಿ ಎನ್ನುತ್ತಿದ್ದಳು.

ಅರವಿಂದ ಅಮೆರಿಕಕ್ಕೆ ಬಂದು ಚಿಪ್ ಡಿಸೈನು ಮಾಡಿಕೊಂಡು ಸುಖವಾಗಿದ್ದವನು. ಈ ಮಾರ್ಚಿನಲ್ಲಿ ಆ ಕೆಲಸಕ್ಕೆ ದೊಡ್ಡ ನಮಸ್ಕಾರ ಹಾಕಿ, ಸುನೋಲ್ ಹತ್ತಿರ ಎರಡು ಎಕರೆ ಲೀಸಿಗೆ ಹಿಡಿದು ರೈತನಾದ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನಿಗೆ ಮಣ್ಣಿನ ಸಂಬಂಧ ಎಂದರೆ ವರ್ಷಕ್ಕೊಮ್ಮೆ ಮನೆಗೆ ತರುತ್ತಿದ್ದ ಮಣ್ಣಿನ ಗಣಪತಿ, ಅಷ್ಟೇ. ಈಗ ಊಟಕ್ಕೆ ಕೂತರೆ ಭಾಷಣ. ಬೆಳೆದವನ ಕೈಯಿಂದ ನೇರವಾಗಿ ತಿನ್ನುವವನ ಕೈಗೆ ಹೋಗಬೇಕಂತೆ, ನಡುವೆ ಯಾರೂ ಇರಬಾರದಂತೆ. ನಡುವೆ ನಾನು ಮತ್ತು ಮಗಳು ಗಾರ್ಗಿ ಇದ್ದೇವೆ ಎನ್ನುವುದು ಇವನ ಗಮನಕ್ಕೆ ಬಂದಿಲ್ಲ.

ಇವತ್ತು ಯೂನಿಯನ್ ಸಿಟಿಯ ಫಾರ್ಮರ್ಸ್ ಮಾರ್ಕೆಟ್ಟಿನಲ್ಲಿ ಇವನ ಮೊದಲ ದಿನ. ಹೊಸಬರನ್ನು ಒಂದು ಸೀಸನ್ ನೋಡಿ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಖಾಯಂ ಜಾಗ ಕೊಡಬೇಕೋ ಬೇಡವೋ ಎಂದು ಮಾರ್ಕೆಟ್ಟಿನ ಮ್ಯಾನೇಜರು ಪ್ಯಾಮ್ ತೀರ್ಮಾನಿಸುತ್ತಾಳೆ. ನಮ್ಮಿಬ್ಬರ ನಡುವೆಯೂ ಒಂದು ಒಪ್ಪಂದವಾಗಿದೆ. ಜಾಗ ಸಿಕ್ಕರೆ ಇವನು ರೈತನಾಗಿಯೇ ಇರಲಿ. ಸಿಗದಿದ್ದರೆ ಮರುಮಾತಾಡದೆ ಹಳೇ ಆಫೀಸಿಗೆ ವಾಪಸು. ಅಲ್ಲಿಯ ಬಾಸು ಇನ್ನೂ ಕುರ್ಚಿ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾನೆ. ನಾನು ದಿನಾ ದೀಪ ಹಚ್ಚುವಾಗ ದೇವರಲ್ಲಿ ಕೇಳುವುದು ಒಂದೇ. ಪ್ಯಾಮ್ ಬಾಯಲ್ಲಿ ‘ಇಲ್ಲ’ ಅನ್ನಿಸಿಬಿಡಪ್ಪ.

ದೇವರಿಗೆ ಹೆಚ್ಚು ಕಷ್ಟವಾಗುವುದಿಲ್ಲ ಎಂದು ಇವತ್ತೇ ಗೊತ್ತಾಯಿತು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಟೆಂಟಿನ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದೆ, ಗುರುತಿನವರು ಬಂದರೆ ಇವನ್ಯಾರೋ ಎನ್ನುವ ಹಾಗೆ. ಒಬ್ಬ ಹೆಂಗಸು ಬದನೆಕಾಯಿ ಎತ್ತಿಕೊಂಡು, ಹುಳ ಇದೆಯಾ ಎಂದು ಕೇಳಿದಳು.

‘ಇರಬಹುದು,’ ಎಂದ ನಮ್ಮ ಸತ್ಯವಂತ. ‘ನಾಲ್ಕರಲ್ಲಿ ಒಂದರಲ್ಲಂತೂ ಇದ್ದೇ ಇರುತ್ತೆ. ನಾವು ಔಷಧಿ ಹೊಡೆಯಲ್ಲ.’

ಆಕೆ ಮಲಗಿದ ಮಗುವನ್ನು ಇಳಿಸುವಷ್ಟು ಮೆಲ್ಲಗೆ ಬದನೆಕಾಯಿಯನ್ನು ಕೆಳಗಿಟ್ಟು ಪಕ್ಕದ ಅಂಗಡಿಗೆ ಹೋದಳು. ತೆಗೆದುಕೊಂಡು ಹೋದದ್ದರಲ್ಲಿ ಬಹುಪಾಲು ಮನೆಗೇ ಬಂತು. ಇವತ್ತು ಎಣಗಾಯಿ, ನಾಳೆ ವಾಂಗಿಭಾತು, ನಾಡಿದ್ದಿನ ಚಿಂತೆ ನಾಡಿದ್ದಿಗೆ.

ಸೆಪ್ಟೆಂಬರ್ ೧೦, ಬುಧವಾರ

ನನ್ನ ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ. ಸುಲಭವಾಗಿ ಹೇಳುವುದಾದರೆ ತಪ್ಪು ಹುಡುಕುವ ಕೆಲಸ. ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಪುಕ್ಕಟೆ ಮಾಡಿದರೆ ಕಿರಿಕಿರಿ ಎನ್ನುತ್ತಾರೆ. ಇವತ್ತು ಔಷಧಿ ಸೀಸೆಯ ಲೇಬಲ್ಲಿನಲ್ಲಿ ಒಂದು ಅಂಕಿ ಆಚೀಚೆ ಆದದ್ದನ್ನು ಹಿಡಿದೆ. ಇಡೀ ಮೀಟಿಂಗು ತಣ್ಣಗಾಯಿತು. ನಿಯಮವೆಂದರೆ ನಿಯಮ, ಗೊತ್ತಿರಲಿಲ್ಲ ಎನ್ನುವುದು ಉತ್ತರವಲ್ಲ ಎಂದು ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಬುದ್ಧಿ ಹೇಳಿದೆ. ಎಷ್ಟು ಹಿತವಾಗಿತ್ತು!

ಸೆಪ್ಟೆಂಬರ್ ೨೭, ಶನಿವಾರ

ಕನ್ನಡ ಕೂಟದ ವಾಟ್ಸಾಪಿನಲ್ಲಿ ಗೆಳತಿ ರಂಜನಿ ಅರವಿಂದನ ಫೋಟೋ ಹಾಕಿದ್ದಾಳೆ. ‘ನಮ್ಮ ನಡುವಿನ ಅನ್ನದಾತ’ ಅಂತೆ. ಕೆಳಗೆ ಕೈಮುಗಿದ ಚಿತ್ರಗಳ ಸುರಿಮಳೆ. ಆ ಕೈಗಳಲ್ಲಿ ಕಾಲು ಭಾಗ ಚೀಲ ಹಿಡಿದು ಬಂದಿದ್ದರೂ ನಮ್ಮ ಫ್ರಿಜ್ಜಿನಲ್ಲಿ ಹಾಲು ಇಡಲು ಜಾಗ ಇರುತ್ತಿತ್ತು.

ಬಂದವಳು ರಂಜನಿ ಒಬ್ಬಳೇ. ಡ್ಯಾನ್‌ವಿಲ್‌ನಲ್ಲಿ ಅವಳಿಗೆ ಮೂರು ಕಾರಿನ ಗರಾಜು, ಹಿತ್ತಲಲ್ಲಿ ಈಜುಕೊಳ, ಅದರ ದಂಡೆಗೆ ಆಳೆತ್ತರದ ಕರಿಬೇವಿನ ಗಿಡ. ಎದುರಂಗಡಿಯಲ್ಲಿ ಅಣಬೆಗೆ ಕೇಳಿದಷ್ಟು ಕೊಟ್ಟು ಥ್ಯಾಂಕ್ಯೂ ಬೇರೆ ಹೇಳಿದವಳು, ನಮ್ಮ ದಂಟಿನ ಸೊಪ್ಪಿನ ಮುಂದೆ ನಿಂತು, ‘ಏನೇ ಹಂಸಾ, ನಮಗೂ ಇದೇ ರೇಟಾ?’ ಎಂದಳು.

‘ಎಲ್ಲರಿಗೂ ಒಂದೇ,’ ಎಂದ ಅರವಿಂದ.

‘ಅಯ್ಯೋ, ಇದನ್ನ ನಮ್ಮಜ್ಜಿ ಬೇಲಿ ಪಕ್ಕದಿಂದ ಸುಮ್ನೆ ಕಿತ್ಕೊಂಡು ಬರ್ತಿದ್ರು.’

ಹಾಗಾದರೆ ಬೇಲಿಗೇ ಹೋಗು ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಬಂತೋ. ಅವಳು ಕೊಳ್ಳದೆ ಹೋದರೆ ನನಗೇ ಒಳ್ಳೆಯದಲ್ಲವೆ?

ಅಕ್ಟೋಬರ್ ೪, ಶನಿವಾರ

ಗುರುವಾರ ಕ್ರೇಟು ಎತ್ತಲು ಹೋಗಿ ಅರವಿಂದನ ಸೊಂಟ ಹಿಡಿದುಕೊಂಡಿತು. ನಾಲ್ಕು ವಾರ ಮಲಗಿರಬೇಕು ಎಂದಿದ್ದಾರೆ ಡಾಕ್ಟರು. ಕಾಯಿ ಕೀಳುವುದಕ್ಕೆ ಆಳುಗಳಿದ್ದಾರೆ, ಆದರೆ ಮಾರ್ಕೆಟ್ಟಿನ ಮೇಜಿನ ಹಿಂದೆ ಬೆಳೆದವನೋ ಅವನ ಮನೆಯವರೋ ನಿಲ್ಲಬೇಕು. ಒಂದು ಶನಿವಾರ ತಪ್ಪಿಸಿದರೂ ಪ್ಯಾಮ್ ಕೆಂಗಣ್ಣು ಬಿಡುತ್ತಾಳೆ. ತಪ್ಪಲಿ, ಒಪ್ಪಂದ ಬೇಗ ಮುಗಿಯಲಿ ಅಂದುಕೊಂಡೆ. ಅವನು ನೆಲದ ಮೇಲೆ ಅಂಗಾತ ಮಲಗಿ ಸೀಲಿಂಗು ನೋಡುತ್ತಾ, ‘ಬಿಡು ಹಂಸಾ, ನಿನಗ್ಯಾಕೆ ತೊಂದರೆ,’ ಎಂದ. ಜಗಳವಾಡಿದ್ದರೆ ಹೋಗುತ್ತಿರಲಿಲ್ಲ. ಬಿಡು ಎಂದದ್ದಕ್ಕೆ ಸಿಟ್ಟು ಬಂದು ಹೋದೆ.

ಗಾರ್ಗಿಯೂ ಬಂದಳು. ‘ಅಮ್ಮಾ, ಸ್ಕೂಲಿಂದ ಯಾರಾದ್ರೂ ಬಂದ್ರೆ, ಐ ಡೋಂಟ್ ನೋ ಯೂ,’ ಎಂದು ಮೊದಲೇ ಹೇಳಿಟ್ಟಳು. ನನ್ನ ಮಗಳೇ, ಅನುಮಾನವಿಲ್ಲ.

ಈ ವರ್ಷದ ಮೊದಲ ಅವರೆಕಾಯಿ ಇವತ್ತು. ಅಮೆರಿಕನ್ನರು ಬಂದು ಇದನ್ನು ಹಸಿಯಾಗಿ ತಿನ್ನಬಹುದೇ ಎಂದು ಕೇಳಿ, ಬೇಡ ಎಂದಾಗ ಅನುಮಾನದಿಂದ ನೋಡಿ ಹೋದರು. ಆಮೇಲೆ ಬಂದವರು ತಾಯಮ್ಮ. ಮಂಡ್ಯದ ಕಡೆಯವರು, ಮಗನ ಮನೆಗೆ ಬಂದಿದ್ದಾರೆ. ಸೀರೆಯ ಮೇಲೆ ಮಗನ ಕಂಪನಿಯ ಜಾಕೆಟ್ಟು, ಕಾಲಿಗೆ ಸೊಸೆಯ ಸ್ನೀಕರು. ಕಾಯಿ ಎತ್ತಿ ಮೂಸಿದರು, ಉಗುರಿನಿಂದ ಒತ್ತಿದರು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

‘ಸೊಗಡು ಇನ್ನೂ ಕೂತಿಲ್ಲ ಕಣವ್ವ. ಇಬ್ಬನಿ ಬೀಳ್ಬೇಕು.’

‘ಹಾಗಾದ್ರೆ ಬೇಡ್ವಾ?’

‘ಬ್ಯಾಡ ಅಂತ ಯಾರಂದ್ರು? ತೂಗು.’

ತೂಗಿ ಚೀಲ ಕೊಟ್ಟೆ. ಅವರು ಚೀಲದ ಬಾಯಿ ತೆರೆದುಕೊಂಡು ಹಾಗೇ ನಿಂತರು. ನಾನೂ ನಿಂತೆ.

‘ಕೊಸರು ಹಾಕಕಿಲ್ವಾ?’

ಈ ಮಾತು ಕೇಳಿ ಎಷ್ಟು ವರ್ಷವಾಗಿತ್ತು! ಗಾಂಧಿ ಬಜಾರಿನಲ್ಲಿ ಅಮ್ಮ ತೂಕ ಮುಗಿದ ಮೇಲೂ ಹೀಗೇ ಚೀಲ ಹಿಡಿದು ನಿಲ್ಲುತ್ತಿದ್ದಳು. ಮೇಲೊಂದಿಷ್ಟು ಪುಕ್ಕಟೆ ಬಿದ್ದ ಮೇಲೆಯೇ ಅಲ್ಲಿಂದ ಹೆಜ್ಜೆ ಕೀಳುತ್ತಿದ್ದದ್ದು. ನಾನು ಒಂದು ಹಿಡಿ ಅವರೆ ಹಾಕಿದೆ.

‘ಅವರೆಗೆ ಅವರೆನೇ ಕೊಸರಾ? ಚೆನ್ನಾಗದೆ! ಕರಿಬೇವು, ಕೊತ್ತಂಬ್ರಿ ಏನೂ ಮಡಗಿಲ್ವಾ?’

ತಲೆ ಅಲ್ಲಾಡಿಸುತ್ತಾ ಹೋದರು. ವ್ಯಾಪಾರ ಬಾರದವಳು ಎಂದು, ನನ್ನನ್ನು! ಮನೆ ಸೇರುವವರೆಗೂ ಅದೇ ಕೊರೆಯಿತು.

ಅಕ್ಟೋಬರ್ ೭, ಮಂಗಳವಾರ

ರಂಜನಿಗೆ ಫೋನು ಮಾಡಿದೆ, ಸುಮ್ಮನೆ. ಅವಳ ಗಿಡದ ಕರಿಬೇವನ್ನು ತಿನ್ನುವವರಿಲ್ಲದೆ ಕತ್ತರಿಸಿ ಎಸೆಯುತ್ತಾಳಂತೆ. ಶನಿವಾರ ಮಾರ್ಕೆಟ್ಟಿಗೇ ಒಂದು ಚೀಲ ತಂದುಕೊಡುತ್ತಾಳೆ, ಬದಲಿಗೆ ಅವರೆ. ‘ಬಿಡಿಸಿ, ಹಿತಕಿ ಕೊಡ್ಬೇಕು ಕಣೆ, ನನ್ನ ನೈಲ್ಸ್ ಹಾಳಾಗುತ್ತೆ,’ ಎಂದಳು. ಅನ್ನದಾತನ ಹೆಂಡತಿಗೆ ಉಗುರು ಇರುವುದಿಲ್ಲ ಎಂದುಕೊಂಡಿದ್ದಾಳೆ.

ಅಕ್ಟೋಬರ್ ೧೮, ಶನಿವಾರ

ಗೆದ್ದೆ. ಅರವಿಂದನೆದುರು ಈ ಮಾತು ಆಡುವುದಿಲ್ಲ, ಇಲ್ಲಿ ಬರೆಯುತ್ತೇನೆ.

ಮೇಜಿನ ಕೆಳಗೆ ರಂಜನಿಯ ಕರಿಬೇವಿನ ಚೀಲ. ತೂಕ ಮುಗಿದ ಕೂಡಲೇ ಒಂದು ಹಿಡಿ ತೆಗೆದು ಅವರೆಯ ಮೇಲೆ. ಬಾಯಲ್ಲಿ ಏನೂ ಹೇಳಬೇಕಾಗಿಲ್ಲ. ಗಿರಾಕಿಗಳ ಮುಖ ನೋಡಬೇಕು! ಡೈರೆಕ್ಟರುಗಳು, ಡಾಕ್ಟರುಗಳು, ಒಂದು ಹಿಡಿ ಸೊಪ್ಪು ಪುಕ್ಕಟೆ ಸಿಕ್ಕರೆ ಷೇರು ಏರಿದವರಂತೆ ಹಿಗ್ಗುತ್ತಾರೆ. ತಾಯಮ್ಮ ಮಗನ ಅಪಾರ್ಟ್‌ಮೆಂಟಿನ ಕನ್ನಡದವರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದರು. ‘ಈಗ ದಾರಿಗೆ ಬಂದೆ ನೋಡವ್ವ,’ ಎಂದರು. ನನಗೆ ಪ್ರಮೋಷನ್ ಬಂದ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

ಒಬ್ಬ ಮಹಾಶಯ, ‘ಆರ್ಗ್ಯಾನಿಕ್ಕಾ?’ ಎಂದ. ಅವನ ಕೈಯಲ್ಲಿದ್ದ ನೀಲಿ ಬಣ್ಣದ ಎನರ್ಜಿ ಡ್ರಿಂಕನ್ನು ಒಮ್ಮೆ ನೋಡಿದೆ, ಅವನೇ ಸುಮ್ಮನಾದ. ಹುಳ ಇದೆಯಾ ಎಂದಳು ಇನ್ನೊಬ್ಬಳು. ‘ಒಳ್ಳೇ ಕಾಯಿ ಯಾವ್ದು ಅಂತ ಹುಳಕ್ಕೆ ನಮಗಿಂತ ಚೆನ್ನಾಗಿ ಗೊತ್ತಮ್ಮ,’ ಎಂದೆ. ನಕ್ಕು, ಎರಡು ಪೌಂಡು ಹಾಕಿಸಿಕೊಂಡಳು. ಮಾರ್ಕೆಟ್ಟು ಮುಚ್ಚುವ ಮೊದಲೇ ನಮ್ಮ ಕ್ರೇಟುಗಳು ಖಾಲಿ. ಪ್ಯಾಮ್ ದೂರದಿಂದ ಕ್ಯೂ ನೋಡಿ ತಲೆದೂಗಿದಳು.

ಖಾಲಿ ಕ್ರೇಟುಗಳನ್ನು ಅರವಿಂದನ ಕಣ್ಣಿಗೆ ಬೀಳುವಂತೆ ನಡುಮನೆಯಲ್ಲೇ ಪೇರಿಸಿಟ್ಟೆ. ‘ಅದೇನು ಮಾಡಿದೆ?’ ಎಂದ. ‘ನನಗೆ ಬಾಯಿ ಇದೆ,’ ಎಂದೆ. ಕರಿಬೇವಿನ ವಿಷಯ ಹೇಳಲಿಲ್ಲ. ಎಲ್ಲ ಗುಟ್ಟನ್ನೂ ಗಂಡನಿಗೆ ಹೇಳಿದರೆ ನಮಗೆ ಬೆಲೆ ಇರುವುದಿಲ್ಲ.

ಹೀಗೇ ಮಾರಾಟವಾದರೆ ಖಾಯಂ ಜಾಗ ಸಿಕ್ಕಿಬಿಡುತ್ತದೆ ಎಂದು ಆಮೇಲೆ ಹಲ್ಲುಜ್ಜುವಾಗ ಹೊಳೆಯಿತು. ಇದಕ್ಕೇನಾದರೂ ಮಾಡಬೇಕು. ಈಗ ಪುರುಸೊತ್ತಿಲ್ಲ, ಬರುವ ಶನಿವಾರಕ್ಕೆ ಇನ್ನೂ ಹೆಚ್ಚು ಕೀಳಿಸಬೇಕು.

ಅಕ್ಟೋಬರ್ ೨೪, ಶುಕ್ರವಾರ

ಸುನೋಲ್‌ನಲ್ಲಿ ಇಬ್ಬನಿ ಶುರುವಾಗಿದೆ! ಮೀಟಿಂಗಿನಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿಯ ಹವಾಮಾನ ನೋಡುತ್ತಿದ್ದೆ. ಇಬ್ಬನಿ ಬಿದ್ದರೆ ಸೊಗಡು ಕೂರುತ್ತದೆ, ಹಿಮ ಬಿದ್ದರೆ ಗಿಡವೇ ಸುಟ್ಟುಹೋಗುತ್ತದೆ. ಅಷ್ಟರಲ್ಲಿ ಯಾವುದೋ ಲೇಬಲ್ಲಿನ ತಪ್ಪನ್ನು ಆ ಹೊಸ ಹುಡುಗಿ ಹಿಡಿದಳು, ಅದೂ ನಾನು ಸಹಿ ಹಾಕಿದ್ದರಲ್ಲಿ. ಕಣ್ಣು ಪರೀಕ್ಷೆ ಮಾಡಿಸಬೇಕು. ಚಾಳೀಸು ಬಂದಿರಬೇಕು.

ನವೆಂಬರ್ ೧, ಶನಿವಾರ

ಬರೆಯಲು ಕೈ ಏಳುತ್ತಿಲ್ಲ.

ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅರವಿಂದ ಇವತ್ತು ಮತ್ತೆ ಮಾರ್ಕೆಟ್ಟಿಗೆ ಬಂದ. ರಾಜ್ಯೋತ್ಸವ ಬೇರೆ. ಕೂಟದವರು ಬಾವುಟ ಹಾರಿಸಿ, ಹಳದಿ ಕೆಂಪು ಶಾಲು ಹೊದ್ದುಕೊಂಡು ನೇರ ನಮ್ಮ ಕ್ಯೂಗೆ ಬಂದಿದ್ದರು. ‘ಕನ್ನಡಿಗರ ಅಂಗಡಿ, ನಮ್ಮ ಅಂಗಡಿ’ ಎಂದು ಒಬ್ಬರು ವೀಡಿಯೋ ಮಾಡುತ್ತಿದ್ದರು. ನಾನು ಕೊನೆಯ ಕ್ರೇಟು ತರಲು ಕಾರಿಗೆ ಹೋದೆ. ಬರುವಷ್ಟರಲ್ಲಿ ಕೌಂಟಿಯ ಕೃಷಿ ಇಲಾಖೆಯ ಇನ್ಸ್‌ಪೆಕ್ಟರೊಬ್ಬ ನಮ್ಮ ಮೇಜಿನ ಮುಂದೆ ನಿಂತಿದ್ದ, ಕೈಯಲ್ಲಿ ಕರಿಬೇವಿನ ಚೀಲ.

ತುಂಬ ಸೌಮ್ಯವಾಗಿಯೇ ಹೇಳಿದ. ತಾನು ಬೆಳೆಯದ ಯಾವ ವಸ್ತುವನ್ನೂ ರೈತ ಇಲ್ಲಿ ಇಡುವಂತಿಲ್ಲ. ಅದರಲ್ಲೂ ಕರಿಬೇವು. ನಿಂಬೆ, ಕಿತ್ತಳೆ ಮರಗಳಿಗೆ ರೋಗ ಹರಡುವ ಹುಳ ಅದರ ಮೇಲೂ ಕೂರುತ್ತದೆ, ಅದಕ್ಕೇ ಊರಿಂದೂರಿಗೆ ಸಾಗಿಸಲು ನಿರ್ಬಂಧವಿದೆ. ಮಾರುತ್ತಿಲ್ಲ, ಪುಕ್ಕಟೆ ಕೊಡುತ್ತಿದ್ದೇವೆ ಎಂದೆ. ಕೊಟ್ಟರೂ ಇಟ್ಟಂತೆಯೇ ಎಂದ. ನನಗೆ ಗೊತ್ತಿರಲಿಲ್ಲ ಎನ್ನುವುದಕ್ಕೆ ಬಾಯಿ ತೆರೆದೆ, ಮುಚ್ಚಿದೆ.

‘ಯಾರದು ಈ ಚೀಲ?’ ಎಂದು ಇನ್ಸ್‌ಪೆಕ್ಟರು ನಾನು ಬರುವ ಮೊದಲೇ ಕೇಳಿದ್ದನಂತೆ. ಅರವಿಂದ, ಆ ಚೀಲವನ್ನು ಇವತ್ತೇ ಮೊದಲು ನೋಡಿದವನು, ‘ನಮ್ಮದೇ’ ಎಂದನಂತೆ. ಪ್ಯಾಮ್ ಅಂಗಡಿ ಮುಚ್ಚಿಸಿದಳು, ಹನ್ನೆರಡನೇ ತಾರೀಖು ವಿಚಾರಣೆ. ತಿರುಗಿ ನೋಡಿದರೆ ಕ್ಯೂ ಇಲ್ಲ. ಶಾಲುಗಳೆಲ್ಲ ಅಣಬೆ ಅಂಗಡಿಯ ಮುಂದೆ ಇದ್ದವು.

ಮಣ್ಣು ನೋಡಿದವನು ಅವನು, ಕಳೆ ಕಿತ್ತವನು ಅವನು. ಹಾಳು ಮಾಡಿದವಳು ನಾನು. ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನವೆಂಬರ್ ೫, ಬುಧವಾರ

ಮಾರ್ಕೆಟ್ಟಿನ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಸೆಪ್ಟೆಂಬರಿನಲ್ಲೇ ಓದಬೇಕಿತ್ತು, ಇಂಥ ಓದಿಗೇ ಸಂಬಳ ತೆಗೆದುಕೊಳ್ಳುವವಳು. ಸಾರಾಂಶ ಇಷ್ಟು. ರೈತನೇ ಗೊತ್ತಿದ್ದೂ ಇಟ್ಟಿದ್ದರೆ ಅಂಗಡಿ ರದ್ದು. ಅವನಿಗೆ ಗೊತ್ತಿಲ್ಲದೆ ಜೊತೆಯವರು ಇಟ್ಟಿದ್ದರೆ ರೈತನಿಗೆ ಎಚ್ಚರಿಕೆ, ಇಟ್ಟವರು ಒಂದು ವರ್ಷ ಮೇಜಿನ ಹಿಂದೆ ನಿಲ್ಲುವಂತಿಲ್ಲ, ಅವರ ಹೆಸರು ಕೌಂಟಿಯ ದಾಖಲೆಗೆ.

ರಂಜನಿ ಫೋನು ಮಾಡಿದ್ದಳು. ಹೇಗಿದ್ದೀಯ ಎಂದು ಕೇಳಲಿಲ್ಲ.

‘ನನ್ನ ಹೆಸರು ಹೇಳಿಲ್ಲ ತಾನೆ?’

ಅನ್ನದಾತನ ಫೋಟೋ ಗ್ರೂಪಿನಿಂದ ಮಾಯವಾಗಿದೆ.

ನವೆಂಬರ್ ೧೨, ಬುಧವಾರ

ಪ್ಯಾಮ್ ಎದುರು ನಾವಿಬ್ಬರೂ ಮಕ್ಕಳ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದೆವು. ಕಮ್ಯೂನಿಟಿ ಸೆಂಟರಿನಲ್ಲಿ ಖಾಲಿ ಇದ್ದದ್ದು ಡೇಕೇರಿನ ಕೋಣೆಯೊಂದೇ. ಗೋಡೆಯ ತುಂಬ ನಗುವ ಕ್ಯಾರೆಟ್ಟುಗಳು.

ಆ ಎಲೆ ಅಲ್ಲಿದ್ದದ್ದು ನಿಮಗೆ ಗೊತ್ತಿತ್ತೇ ಎಂದು ಪ್ಯಾಮ್ ಅರವಿಂದನನ್ನು ಕೇಳಿದಳು.

‘ಗೊತ್ತಿತ್ತು. ನಾನೇ ಇಟ್ಟಿದ್ದು,’ ಎಂದ.

ಬದನೆಕಾಯಿಯ ಹುಳದ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ! ಕಿವಿ ಕೆಂಪಗಾಗಿತ್ತು. ಕಾರಿನಲ್ಲಿ ಬರುವಾಗಲೇ ಹೇಳಿದ್ದ, ‘ನಿನ್ನ ಕೆಲಸ ಅಂಥದ್ದು ಹಂಸಾ, ನಿನ್ನ ಹೆಸರು ಯಾಕೆ ಬರಬೇಕು.’ ಯೋಚಿಸಿ ನೋಡೋಣ ಎಂದಿದ್ದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಅಂಗಡಿ ರದ್ದು, ಒಪ್ಪಂದದಂತೆ ಇವನು ಚಿಪ್ಪಿಗೆ ವಾಪಸು, ನನ್ನ ಹೆಸರು ಶುದ್ಧ. ದಿನಾ ದೀಪದ ಮುಂದೆ ಬೇಡಿಕೊಂಡದ್ದೆಲ್ಲ ಒಂದೇ ಏಟಿಗೆ ಕೈಗೆ ಬರುತ್ತಿತ್ತು. ಪ್ಯಾಮ್ ಬರೆದುಕೊಳ್ಳಲು ಪೆನ್ನು ತೆಗೆದಳು.

‘ಸುಳ್ಳು,’ ಎಂದೆ. ‘ಇವನಿಗೆ ಏನೂ ಗೊತ್ತಿಲ್ಲ. ನಾಲ್ಕು ವಾರ ಬೆನ್ನ ಮೇಲೆ ಮಲಗಿದ್ದ, ಡಾಕ್ಟರ ಚೀಟಿ ಇದೆ. ತಂದವಳು, ಇಟ್ಟವಳು, ಕೊಟ್ಟವಳು ನಾನು.’

‘ಹಂಸಾ!’ ಎಂದ ಅರವಿಂದ.

‘ನೀನು ಸುಮ್ನಿರು. ನಿನಗೆ ಸುಳ್ಳು ಹೇಳಕ್ಕೂ ಬರಲ್ಲ.’

ಪ್ಯಾಮ್ ಯಾಕೆ ಕೊಟ್ಟಿರಿ ಎಂದಳು. ಕೊಸರು ಎಂದರೇನು ಎಂದು ವಿವರಿಸಿದೆ. ಗಿರಾಕಿಗಳನ್ನು ಸೆಳೆಯುವ ಉಚಿತ ಉಡುಗೊರೆಯೋ ಎಂದಳು. ಅಲ್ಲ, ಕೊಡದಿದ್ದರೆ ಮರ್ಯಾದೆ ಹೋಗುತ್ತದೆ ಎಂದೆ. ಹಾಗಾದರೆ ಬೆಲೆಯಲ್ಲೇ ಸೇರಿರುತ್ತದೋ ಎಂದಳು. ಸೇರಿದರೆ ಅದು ಕೊಸರಲ್ಲ ಎಂದೆ. ಅವಳು ಕೊನೆಗೆ ‘ಎಲೆ’ ಎಂದಷ್ಟೇ ಬರೆದುಕೊಂಡಳು. ಎಲ್ಲಿಂದ ತಂದದ್ದು ಎಂದು ಕೇಳಿದಾಗ ಡ್ಯಾನ್‌ವಿಲ್‌ನ ವಿಳಾಸವನ್ನು ಮನೆ ನಂಬರಿನ ಸಮೇತ ಕೊಟ್ಟೆ. ದಾಖಲೆ ಅರ್ಧಂಬರ್ಧ ಇರಬಾರದು.

ಅಂಗಡಿಗೆ ಎಚ್ಚರಿಕೆ, ನನಗೆ ಒಂದು ವರ್ಷದ ನಿಷೇಧ. ಖಾಯಂ ಜಾಗದ ವಿಷಯ ಇಪ್ಪತ್ತೆರಡಕ್ಕೆ ಹೇಳುತ್ತಾಳಂತೆ, ಉಳಿದ ಎರಡು ಶನಿವಾರ ನೋಡಿ.

ಕಾರಿನಲ್ಲಿ ಕೂತ ಮೇಲೂ ಅರವಿಂದ ಎಂಜಿನ್ನು ಶುರು ಮಾಡಲಿಲ್ಲ. ‘ಯಾಕೆ ಹೇಳಿದೆ? ನಿನಗೆ ಅಂಗಡಿ ಹೋದ್ರೇ ಬೇಕಿತ್ತಲ್ಲ,’ ಎಂದ. ದಾಖಲೆಯಲ್ಲಿ ತಪ್ಪು ಸೇರುವುದನ್ನು ನೋಡಿಕೊಂಡು ಕೂರಲು ನನ್ನ ಕೈಲಾಗುವುದಿಲ್ಲ, ವೃತ್ತಿಯ ಅಭ್ಯಾಸ, ಬೇರೇನಿಲ್ಲ ಎಂದೆ. ಆಮೇಲೆ ಅಳು ಬಂತು. ಚೆನ್ನಾಗಿ ಅತ್ತೆ.

ನವೆಂಬರ್ ೧೫, ಶನಿವಾರ

ಅರವಿಂದನ ಜೊತೆ ಗಾರ್ಗಿ ಹೋದಳು, ಯಾರೂ ಹೇಳದೆಯೇ. ನನಗೆ ಬೇಕಾದಷ್ಟು ಹೊತ್ತು ಮಲಗುವ ಸ್ವಾತಂತ್ರ್ಯ. ಮಲಗಲಿಲ್ಲ. ಫ್ರಿಜ್ಜು ತೊಳೆದೆ. ಅದರ ಹಿಂದೆಯೂ ತೊಳೆದೆ.

ಅರ್ಧದಷ್ಟು ಕಾಯಿ ವಾಪಸು ಬಂತು. ಇಬ್ಬರಿಗೂ ಅಕ್ಕಿರೊಟ್ಟಿ ಮಾಡಿಕೊಟ್ಟೆ.

ನವೆಂಬರ್ ೨೨, ಶನಿವಾರ

ಗಾರ್ಗಿಗೆ ಪರೀಕ್ಷೆ ಇತ್ತು. ಅರವಿಂದನ ಸೊಂಟ ಇನ್ನೂ ನೆಟ್ಟಗಾಗಿಲ್ಲ, ಕಾರು ಓಡಿಸಲಷ್ಟೇ ನಾನು ಹೋದದ್ದು. ಪಾರ್ಕಿಂಗಿನಲ್ಲೇ ಕೂತಿರುವೆ ಎಂದಿದ್ದೆ, ಸ್ವಲ್ಪ ಹೊತ್ತು ಕೂತೂ ಇದ್ದೆ.

ಅಲ್ಲಿಂದ ಅಂಗಡಿ ಕಾಣುತ್ತದೆ. ಇವತ್ತಿನ ಕಾಯಿ ಈ ವರ್ಷದಲ್ಲೇ ಉತ್ತಮ, ಕಾರೆಲ್ಲ ಅದರದ್ದೇ ವಾಸನೆ. ಎದುರು ನಾಲ್ಕೇ ಜನ. ಒಬ್ಬಾಕೆ ಬಗ್ಗಿ ಕಾಯಿ ಆರಿಸತೊಡಗಿದಳು, ಇವನು ಏನೋ ಹೇಳಿದ, ಅವಳು ಕೈಬಿಟ್ಟು ನೆಟ್ಟಗೆ ನಿಂತಳು. ತಡೆಯಲಾಗಲಿಲ್ಲ. ಇಳಿದು ಹೋಗಿ ಕ್ಯೂವಿನಲ್ಲಿ ಅವಳ ಹಿಂದೆ ನಿಂತೆ.

‘ಇನ್ನೆರಡು ವಾರ ಬಿಟ್ಟು ಬಂದ್ರೆ ಸೊಗಡು ಇನ್ನೂ ಚೆನ್ನಾಗಿರುತ್ತೆ,’ ಎನ್ನುತ್ತಿದ್ದ ಪುಣ್ಯಾತ್ಮ.

‘ಎರಡು ವಾರ ಬಿಟ್ಟು ಬಂದ್ರೆ ಹಿಮ ಬಿದ್ದು ಗಿಡಾನೇ ಇರಲ್ಲಮ್ಮ,’ ಎಂದೆ ಹಿಂದಿನಿಂದ. ‘ಒಂದು ಕಾಯಿ ಮುರಿದು ಮೂಸಿ ನೋಡಿ. ಇವತ್ತೇ ಉಪ್ಪಿಟ್ಟಿಗೆ ಹಾಕಿ, ಉಳಿದಿದ್ದು ಸಾರಿಗೆ.’

ಅವಳು ಮೂಸಿದಳು. ಐದು ಪೌಂಡು ಕೊಂಡಳು. ಅವಳ ಹಿಂದಿನವರಿಗೂ ಹೇಳಿದೆ. ಮೂವರು ನಿಂತಲ್ಲಿ ಆರು ಜನ ನಿಲ್ಲುತ್ತಾರೆ, ಆರು ಜನ ನಿಂತರೆ ಏನು ಹಂಚುತ್ತಿದ್ದಾರೋ ಎಂದು ಹನ್ನೆರಡು ಜನ. ಅವತ್ತು ಶಾಲು ಹೊದ್ದು ವೀಡಿಯೋ ಮಾಡಿದವರೂ ಏನೂ ನಡೆದಿಲ್ಲವೆಂಬಂತೆ ಬಂದು ನಿಂತರು. ಅವರಿಗೆ ಮಾತ್ರ ಎರಡು ಪೌಂಡಿಗಿಂತ ಕಡಿಮೆ ತೂಗುವುದಿಲ್ಲವಂತೆ ಎಂದೆ. ಅಂಥ ನಿಯಮ ಯಾವುದೂ ಇಲ್ಲ.

ಪ್ಯಾಮ್ ಬಂದೇಬಿಟ್ಟಳು. ‘ಹಂಸಾ, ನೀವು ಇಲ್ಲಿ ನಿಲ್ಲುವಂತಿಲ್ಲ.’

‘ಮೇಜಿನ ಹಿಂದೆ ನಿಲ್ಲಬಾರದು ಎಂದು ಬರೆದಿದ್ದೀರಿ. ನಾನು ಮುಂದೆ ಇದ್ದೇನೆ. ಮುಂದೆ ನಿಂತವರು ಗಿರಾಕಿಗಳು.’

ಪ್ಯಾಮ್ ನನ್ನನ್ನು ನೋಡಿದಳು, ಕ್ಯೂವನ್ನು ನೋಡಿದಳು. ಗಿರಾಕಿಯಾದರೆ ಏನಾದರೂ ಕೊಳ್ಳಬೇಕು, ಸುಮ್ಮನೆ ನಿಂತಿರುವಂತಿಲ್ಲ ಎಂದಳು. ಆಮೇಲೆ ನನ್ನ ತಲೆಯ ಮೇಲಿನಿಂದ ಕೈ ಚಾಚಿ ಅರವಿಂದನಿಗೆ ಒಂದು ಲಕೋಟೆ ಕೊಟ್ಟು ಹೋದಳು. ಅವನು ಒಡೆದು ಓದಿದ. ಓದಿ, ಕಾಗದವನ್ನು ನನ್ನ ಕಡೆ ತಿರುಗಿಸಿ ಹಿಡಿದ. ಖಾಯಂ ಜಾಗ. ಇನ್ನೊಮ್ಮೆ ಓದಬೇಕು ಅನಿಸಿತು. ಆದರೆ ಹಿಂದೆ ಜನ ಕಾಯುತ್ತಿದ್ದರು.

‘ಎರಡು ಪೌಂಡು,’ ಎಂದೆ.

ಅವನು ತೂಗಿದ. ನಮ್ಮ ಹೊಲದ ಅವರೆಗೆ ಪೂರ್ತಿ ಬೆಲೆ ಕೊಟ್ಟು, ಚೀಲವನ್ನು ಕಾರಿನಲ್ಲಿಟ್ಟು, ಬಂದು ಮತ್ತೆ ಕ್ಯೂವಿನ ಕೊನೆಯಲ್ಲಿ ನಿಂತೆ.